ಟೇಪಣ್ಣನ ಹಳದಿ ಫ್ರಾಕು

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಟೇಪಣ್ಣ ಎಂದೇ ಕರೆಯುವುದು. ಊಟಕ್ಕೆ ಕೂತಾಗಲೂ ಅಳತೆ ಟೇಪು ಕೊರಳಲ್ಲೇ ಇರುತ್ತದೆ. ದರ್ಜಿ ಕೆಲಸದಲ್ಲಿ ಅವನಿಗೆ ಒಂದು ಮಾತು ಹೇಳುವ ಹಾಗಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಅವನ ಎದುರಿಗೇ ನನ್ನ ದಾರ, ಗುಂಡಿಗಳ ಅಂಗಡಿ. ಅವನ ಮದುವೆ ಮುರಿದ ಮೇಲೆ ಮಗಳು ತಾಯಿಯ ಬಳಿ ಇರಲಿ, ಭಾನುವಾರ ತಂದೆಯ ಬಳಿ ಹೋಗಲಿ ಎಂದು ನ್ಯಾಯಾಲಯ ಹೇಳಿತು. ಇವನ ಹೊಸಿಲು ತುಳಿಯಲು ತಾಯಿಗೆ ಮನಸ್ಸಿಲ್ಲ, ಅವಳ ಬಾಗಿಲಿಗೆ ಹೋಗಲು ಇವನಿಗೆ ಮನಸ್ಸಿಲ್ಲ. ಹಾಗಾಗಿ ಮಗುವನ್ನು ಬಿಡುವುದು, ಕರೆದೊಯ್ಯುವುದು ಎಲ್ಲ ನನ್ನ ಅಂಗಡಿಯಲ್ಲೇ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಮಗು ಬಂದೊಡನೆ ಗುಂಡಿಗಳ ಡಬ್ಬಿಗೆ ಕೈ ಹಾಕಿ "ಗುಂಡಿ ಅತ್ತೆ" ಎಂದು ನಗುತ್ತಿತ್ತು.

ಬೆಳೆಯುವ ಮಕ್ಕಳ ಬಟ್ಟೆಯಂಚಿನಲ್ಲಿ ದರ್ಜಿಗಳು ಒಂದಿಷ್ಟನ್ನು ಒಳಕ್ಕೆ ಮಡಿಸಿ ಹೊಲಿದಿರುತ್ತಾರೆ, ಆಮೇಲೆ ಬಿಚ್ಚಿ ಉದ್ದ ಮಾಡಲಿಕ್ಕೆ. ಮೊದಮೊದಲು ಮಗಳು ಅಪ್ಪ ಹೊಲಿದ ಫ್ರಾಕು ತೊಟ್ಟೇ ತಾಯಿಯ ಮನೆಗೆ ಹೋಗುತ್ತಿದ್ದಳು. ಒಂದು ಸಲ ತಿರುಗಿ ಬಂದಾಗ ತಾಯಿ ಆ ಮಡಿಕೆ ಬಿಚ್ಚಿ ತನ್ನ ಕೈಹೊಲಿಗೆ ಹಾಕಿ ಕಳಿಸಿದ್ದಳು. ಜೊತೆಗಿದ್ದಾಗ ಅವನ ಅಂಗಡಿಯ ಕೈಹೊಲಿಗೆಯೆಲ್ಲ ಅವಳದೇ. ಮಗು ಎತ್ತರವಾಗಿತ್ತು, ಬಿಚ್ಚಿದಳು, ಅಷ್ಟೆ. ಟೇಪಣ್ಣ ಕೆಂಡವಾದ.

"ನನ್ನ ಹೊಲಿಗೆಗೆ ಕೈ ಹಾಕೋಕೆ ಅವಳ್ಯಾರು? ಇನ್ಮೇಲೆ ನಾನು ಹೊಲಿದ ಬಟ್ಟೆ ಆ ಮನೆಗೆ ಹೋಗಲ್ಲ!"

"ಹಾಗಾದ್ರೆ ನಾನು ಕೊಡಿಸಿದ್ದೂ ಆ ಮನೆಗೆ ಹೋಗಲ್ಲ," ಎಂದಳು ತಾಯಿ. ಹಟದಲ್ಲಿ ಮಾತ್ರ ಒಳ್ಳೇ ಜೋಡಿ.

ಅವನೇ ನನ್ನ ಅಂಗಡಿಯ ಮೂಲೆಗೆ ಒಂದು ಪರದೆ ಹೊಲಿದು ಕಟ್ಟಿದ. ಭಾನುವಾರ ಬೆಳಿಗ್ಗೆ ಮಗು ಅದರ ಹಿಂದೆ ಹೋಗಿ ಅಮ್ಮನ ಬಟ್ಟೆ ಕಳಚಿ ಅಪ್ಪನದು ತೊಡಬೇಕು. ಸಂಜೆ ಅಪ್ಪನದು ಕಳಚಿ ಅಮ್ಮನದು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

"ಮಗೂನ ಬೊಂಬೆ ಮಾಡ್ಕೊಂಡಿದ್ದೀರಲ್ಲ, ನಾಚಿಕೆ ಆಗಲ್ವಾ?" ಎಂದು ಇಬ್ಬರಿಗೂ ಬೈದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನು ಹೊಲಿದದ್ದರಲ್ಲೆಲ್ಲ ಚೆಂದದ್ದು ಒಂದು ಹಳದಿ ಫ್ರಾಕು. ಅದನ್ನು ತೊಟ್ಟರೆ ಮಗಳು ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ಒಂದು ಸಂಜೆ ಪರದೆಯ ಹಿಂದೆ ಹೋದವಳು ಅದನ್ನು ಕಳಚದೆಯೇ ಹೊರಗೆ ಬಂದಳು.

"ಅಪ್ಪಾ, ಬುಧವಾರ ಸ್ಕೂಲಲ್ಲಿ ನನ್ನ ಹಾಡಿದೆ. ಇದೊಂದು ಸಲ ಹಾಕ್ಕೊಂಡು ಹೋಗ್ಲಾ?"

"ಇಲ್ಲೇ ಇರ್ಲಿ ಪುಟ್ಟಿ. ಭಾನುವಾರ ಬಂದಾಗ ಹಾಕ್ಕೊಂಡು ನನ್ನ ಮುಂದೆ ಹಾಡು."

ಅವಳು ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಫ್ರಾಕು ಕಳಚಿ, ಮಡಿಸಿ, ಅವನ ಕೈಗಿಟ್ಟಳು. ಅತ್ತಿದ್ದರೆ ಅವನು ಕರಗುತ್ತಿದ್ದನೋ ಏನೋ. ಮುಂದಿನ ಭಾನುವಾರ "ಹಾಡು ಪುಟ್ಟೀ" ಎಂದರೆ, "ಮರೆತುಹೋಯ್ತು" ಎಂದಳು.

ಕೆಲವು ವರ್ಷ ಹೀಗೇ ಕಳೆದ ಮೇಲೆ ಟೇಪಣ್ಣ ಮಗಳು ಇನ್ನೂ ಹೆಚ್ಚು ದಿನ ತನ್ನ ಬಳಿ ಇರಲಿ ಎಂದು ಮತ್ತೆ ನ್ಯಾಯಾಲಯಕ್ಕೆ ಹೋದ. ಅವಳಿಗೆ ತಿಳಿವಳಿಕೆ ಬಂದಿದ್ದರಿಂದ ನ್ಯಾಯಾಧೀಶೆ ಅವಳೊಬ್ಬಳನ್ನೇ ಒಳಗೆ ಕರೆದು ಕೇಳಿದರು. ಅವಳು ಹೇಳಿದ್ದನ್ನು ಆಮೇಲೆ ಅಪ್ಪ ಅಮ್ಮನಿಗೆ ತಿಳಿಸಿದರು: "ಅಪ್ಪ ಅಂದ್ರೆ ಇಷ್ಟ. ಆದ್ರೆ ಆ ಪರದೆ ಹಿಂದೆ ನಾನಿನ್ನು ಹೋಗಲ್ಲ." ಮಗಳು ಮನಸ್ಸು ಬಂದಾಗ ತಂದೆಯ ಬಳಿ ಹೋಗಲಿ, ಬಲವಂತ ಬೇಡ ಎಂದು ತೀರ್ಪಾಯಿತು.

ಮನಸ್ಸು ಬರಲಿಲ್ಲ. ಭಾನುವಾರ ಬೆಳಿಗ್ಗೆ ಟೇಪಣ್ಣ ನನ್ನ ಸ್ಟೂಲಿನ ಮೇಲೆ ಕೂತು, ಬಾಗಿಲನ್ನೇ ನೋಡಿ ನೋಡಿ, ಮಧ್ಯಾಹ್ನ ಎದ್ದುಹೋಗುತ್ತಿದ್ದ. ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅನುಭವಿಸಲಿ ಎಂದೂ ನನಗೆ ಅನ್ನಿಸುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು.

ಮೊನ್ನೆ ತಾಯಿ ಗುಂಡಿ ಕೊಳ್ಳಲು ಬಂದಿದ್ದಳು. ಅವಳನ್ನು ಕಂಡು ಟೇಪಣ್ಣ ಓಡಿಬಂದ. ಕೈಯಲ್ಲಿ ಇಸ್ತ್ರಿ ಮಾಡಿದ ಹಳದಿ ಫ್ರಾಕು.

"ತಗೊಂಡು ಹೋಗು, ಅವಳಿಗೆ ಕೊಡು."

ಅವಳು ಬಿಡಿಸಿ ನೋಡಿದಳು. "ಇದು ಅವಳ ಸೊಂಟದಿಂದ ಕೆಳಗೆ ಇಳಿಯಲ್ಲ ಈಗ."

"ಮಡಿಕೆ ಪೂರ್ತಿ ಬಿಚ್ಚಿದ್ದೀನಿ. ಒಳಗೆ ಇನ್ನೇನೂ ಉಳಿದಿಲ್ಲ. ಬೇರೆ ಹೊಲೀತೀನಿ. ನಿಮ್ಮನೇಲೇ ಇರ್ಲಿ. ಅಳತೆ ಹೇಳ್ತೀಯಾ?"

"ಅವಳೀಗ ಫ್ರಾಕು ಹಾಕಲ್ಲ."

"ಮತ್ತೇನು ಹಾಕ್ತಾಳೆ?"

ಬೀದಿಯವರೆಲ್ಲರ ಅಳತೆ ಬಲ್ಲ ಮನುಷ್ಯ ಹೆತ್ತ ಮಗಳ ಬಗ್ಗೆ ಹೀಗೆ ಕೇಳಬೇಕಾಯಿತು. ಅದು ಅವಳಿಗೂ ನಾಟಿರಬೇಕು. ಮುಖದ ಬಿಗಿ ಸಡಿಲವಾಯಿತು.

"ಪ್ಯಾಂಟು. ನನ್ನಷ್ಟೇ ಎತ್ತರ ಬಂದಿದ್ದಾಳೆ. ಬೇಕಾದ್ರೆ ನನ್ನದೇ ಅಳತೆ ತಗೋ."

ಅವನ ಕೈ ಕೊರಳ ಟೇಪಿಗೆ ಹೋಗಿ ಅಲ್ಲೇ ನಿಂತಿತು. "ನಿನ್ನ ಅಳತೆ ನನಗೆ ಗೊತ್ತು," ಎಂದ. ಆಮೇಲೆ ಫ್ರಾಕು ನೋಡುತ್ತ, "ಅವತ್ತು ಕೊಟ್ಟು ಕಳಿಸಬೇಕಿತ್ತು," ಎಂದ.

"ನಾನೂ ಹಟ ಬಿಡಬೇಕಿತ್ತು," ಎಂದಳು ಅವಳು, ಫ್ರಾಕನ್ನು ಚೀಲಕ್ಕೆ ಹಾಕಿಕೊಳ್ಳುತ್ತ.

ಪ್ಯಾಂಟು ಆ ಮನೆ ಸೇರಿತು. ಸರಿಯಾಗಿ ಕೂತಿದೆ ಎಂದು ತಾಯಿ ಹೇಳಿಕಳಿಸಿದಳು. ಮಗಳು ಮಾತ್ರ ಬಂದಿಲ್ಲ. ಈ ಭಾನುವಾರ ಟೇಪಣ್ಣ ಸ್ಟೂಲಿನ ಮೇಲೆ ಕೂರಲಿಲ್ಲ; ಅದನ್ನು ಹತ್ತಿ ಪರದೆ ಬಿಚ್ಚತೊಡಗಿದ. ಗಂಟು ಬಿಗಿದುಕೊಂಡಿತ್ತು, ಹಲ್ಲಿನಿಂದ ಕಚ್ಚಿ ಬಿಡಿಸಿದ.

"ಈಗ್ಯಾಕೋ ಇದು?" ಎಂದೆ.

"ಈ ಬೀದೀಲಿ ಹೋಗ್ತಾ ಯಾವತ್ತಾದ್ರೂ ಒಳಗೆ ನೋಡ್ತಾಳಲ್ಲ ಅಕ್ಕಾ," ಎಂದ. "ಪರದೆ ಇಲ್ಲ ಅಂತ ಗೊತ್ತಾಗ್ಲಿ."