ಜೈನುದ್ದೀನ ಮಾಸ್ತರರ ಎಡಗಿವಿ

ಇಂಡಿ ಪಟ್ಟಣದ ಜೈನುದ್ದೀನ ಮಾಸ್ತರರದು ಏಳು ಜನರ ಬ್ಯಾಂಡು. ಮದುವೆಗಳಿದ್ದಾಗ ಮುಂದೆ ನಿಂತು ಕ್ಲಾರಿಯೋನೆಟ್ ನುಡಿಸುವುದು, ಇಲ್ಲದಾಗ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವುದು. ಸುತ್ತಲಿನ ಎಷ್ಟೋ ಬ್ಯಾಂಡುಗಳು ಜಗಳವಾಡಿ ಒಡೆದರೂ ಇವರದು ಇಪ್ಪತ್ತಾರು ವರ್ಷ ಉಳಿದಿತ್ತು. ಯಾರು ತಪ್ಪಿದರೂ ಮಾಸ್ತರರು ಮಂದಿಯೆದುರು ಒಂದು ಮಾತು ಆಡುತ್ತಿರಲಿಲ್ಲ. ಮರುದಿನ ಅಂಗಡಿಗೆ ಕರೆದು, ಚಹಾ ಕುಡಿಸಿ, ಮೆಲ್ಲಗೆ ಹೇಳುತ್ತಿದ್ದರು.

ಅಂಥವರು ಹೋದ ಬೇಸಿಗೆಯಲ್ಲಿ ಬದಲಾದರು. ಡೋಲು ಬಾರಿಸುವ ಪರಶುವಿನ ಪೆಟ್ಟು ಸರಿಯಾಗಿ ಬೀಳುತ್ತಿಲ್ಲವೆಂದು ಸಿಡಿಮಿಡಿಗೊಳ್ಳತೊಡಗಿದರು. ಗೊಳಸಂಗಿಯಲ್ಲಿ ಮದುಮಗನ ಮೆರವಣಿಗೆ ಗುಡಿಯ ಮುಂದೆ ನಿಂತಿದ್ದಾಗ ಕ್ಲಾರಿಯೋನೆಟ್ ಬಾಯಿಂದ ತೆಗೆದು ಕೂಗಿಯೇಬಿಟ್ಟರು.

"ಪರಶು, ಕೈಯಾಗ ಜೀವ ಇಲ್ಲೇನೋ? ತಾಳಾನ ಕೇಳವಲ್ದು!"

ಬೀಗರೆಲ್ಲ ತಿರುಗಿ ನೋಡಿದರು. ಪರಶುವಿಗೆ ನಲವತ್ತು ದಾಟಿತ್ತು. ಮುಖ ಕೆಂಪಾಯಿತು. ಆದರೂ "ಆತ್ರಿ ಮಾಸ್ತರ" ಎಂದಷ್ಟೇ ಹೇಳಿ, ಅವರ ಬೆರಳುಗಳನ್ನೇ ನೋಡುತ್ತ ಕೊನೆಯವರೆಗೂ ಬಾರಿಸಿದ.

ಊಟಕ್ಕೆ ಕುಳಿತಾಗ ತುತ್ತೂರಿಯ ಶ್ರೀಶೈಲ ಕೇಳಿದ: "ಸಿಟ್ಟು ಬರಲಿಲ್ಲೇನು ನಿನಗ?"

"ಬಂತು. ಖರೇ ಅಂದ್ರ ಡೋಲು ಅಲ್ಲೇ ಇಟ್ಟು ಹೋಗಬೇಕನಿಸ್ತು. ಆದ್ರ ಮಾಸ್ತರು ಅಂಥಾ ಮನಷ್ಯಾ ಅಲ್ಲ. ಅವರಿಗೇ ಏನೋ ಆಗೇತಿ."

ಅಂದೇ ಪರಶು ಗಮನಿಸಿದ. ಎಡಗಡೆಯಿಂದ ಅನ್ನ ಬಡಿಸಲು ಬಂದವನು ಎರಡು ಸಲ ಕೇಳಿದರೂ ಮಾಸ್ತರರು ತಲೆ ಎತ್ತಲಿಲ್ಲ. ಬ್ಯಾಂಡಿನಲ್ಲಿ ಪರಶು ನಿಲ್ಲುತ್ತಿದ್ದುದೂ ಅವರ ಎಡಕ್ಕೇ.

ಮರುದಿನ ಅವನು ಮಾಸ್ತರರ ಹೆಂಡತಿ ಶಮ್ಶುನ್ನೀಸಾಗೆ ವಿಷಯ ಹೇಳಿದ. ಆಕೆಗೂ ಅದೇ ಅನುಮಾನವಿತ್ತು. ಇಬ್ಬರೂ ಒತ್ತಾಯಿಸಿ ಅವರನ್ನು ವಿಜಯಪುರದ ಡಾಕ್ಟರ ಬಳಿ ಕರೆದೊಯ್ದರು. ಎಡಗಿವಿ ಮುಕ್ಕಾಲು ಪಾಲು ಹೋಗಿತ್ತು.

ಎರಡು ದಿನ ಮಾಸ್ತರರು ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಬ್ಯಾಂಡಿನವರನ್ನೆಲ್ಲ ಕೂಡಿಸಿದರು.

"ಪರಶುನ ತಾಳ ಸರಿ ಇತ್ತು, ನನ್ನ ಕಿವಿ ಸರಿ ಇರಲಿಲ್ಲ. ನಾಲ್ಕು ಮಂದ್ಯಾಗ ಬೈದೇನಿ, ನಿಮ್ಮೆಲ್ಲಾರ ಮುಂದ ಮಾಫಿ ಕೇಳ್ತೇನಿ. ಇನ್ನ ನಾ ನುಡಿಸೂದಿಲ್ಲ."

ಪರಶು ಎದ್ದು, ಡೋಲು ಹೆಗಲಿಗೆ ಹಾಕಿಕೊಂಡು ಅವರ ಬಲಕ್ಕೆ ಬಂದು ನಿಂತ.

"ಇಲ್ಲಿ ಕೇಳಸ್ತೈತೇನ್ರಿ?" ಎಂದು ಒಂದು ಪೆಟ್ಟು ಹಾಕಿದ.

ಮಾಸ್ತರರು ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದರು. ಆದರೆ ಒಂದು ಮಾತಿಗೆ ಪಟ್ಟು ಹಿಡಿದರು: ಇನ್ನು ಮೇಲೆ ಬ್ಯಾಂಡಿನ ಮುಂದೆ ನಿಲ್ಲುವವನು ಶ್ರೀಶೈಲ, ತಾವು ಅವನ ಹಿಂದೆ ನಿಂತು ನುಡಿಸುವುದು.

ಶ್ರೀಶೈಲನಿಗೆ ಅದು ಸುಲಭವಾಗಲಿಲ್ಲ. ಇಂಗಳೇಶ್ವರದ ಮದುವೆಯಲ್ಲಿ ಹಾಡಿನ ನಡುವೆ ಗಾಬರಿಯಾಗಿ ಬೇರೆಯದೇ ಹಾಡಿಗೆ ಜಾರಿದ. ಮಾಸ್ತರರು ತಡವರಿಸದೆ ಅವನ ಜೊತೆ ಅದೇ ಹಾಡಿಗೆ ಹೊರಳಿದರು. ಪರಶು ತಾಳ ಬದಲಿಸಿದ, ಉಳಿದವರೂ ಹಿಂಬಾಲಿಸಿದರು. ಹಾಡು ಬದಲಾಯಿತೆಂದು ಹುಡುಗರು ಇನ್ನಷ್ಟು ಕುಣಿದರು.

ಮೆರವಣಿಗೆ ಮುಗಿದ ಮೇಲೆ ಮದುಮಗಳ ಸೋದರಮಾವ ಮೊಬೈಲ್ ಹಿಡಿದು ಬಂದ. "ನಿಮ್ಮೊಳಗ ಮಾಸ್ತರ ಯಾರ್ರೀ? ಮುಂದಿನ ತಿಂಗಳ ಮುದ್ದೇಬಿಹಾಳದಾಗ ನನ್ನ ಮಗಳ ಲಗ್ನ ಐತಿ."

ಜೈನುದ್ದೀನರು ಶ್ರೀಶೈಲನತ್ತ ಕೈ ತೋರಿದರು. ಅವನು ನಾಚುತ್ತಲೇ ತನ್ನ ನಂಬರು ಹೇಳತೊಡಗಿದ.