ಕೆಂಪು ದೀಪಕ್ಕೆ ಅಂಟಿಸಿದ ತಾಯಿಯ ಪಟ

ಮಾರಮ್ಮನ ಒಕ್ಕಲಿನವರೆಲ್ಲರಿಗೂ ಶರಣು. ತಾಯಿಯ ದಯೆಯನ್ನಷ್ಟೇ ಬರೆದು ನನ್ನ ತಪ್ಪನ್ನು ನುಂಗಿಕೊಂಡರೆ ಅದು ಅರ್ಧ ಸುಳ್ಳಾಗುತ್ತದೆ. ಎರಡನ್ನೂ ಬರೆಯುತ್ತಿದ್ದೇನೆ.

ಹೋದ ಕಾರ್ತಿಕದ ಒಂದು ಮಂಗಳವಾರ ಬೆಳಿಗ್ಗೆ, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ಅವ್ವನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಬಲಗೈ ಸೋತು ಜೋತುಬಿತ್ತು. ಊರಿನ ಡಾಕ್ಟರು, "ಲಕ್ವ ಹೊಡೆದೈತೆ. ತಡ ಮಾಡ್ದೆ ಚಳ್ಳಕೆರೆಗೆ ಕರ್ಕೊಂಡು ಹೋಗ್ರಿ" ಎಂದರು. ನಾನು ಟೆಂಪೊ ಓಡಿಸುವವನು. ಗಾಡಿ ಬಾಗಿಲಲ್ಲೇ ಇತ್ತು. ಆಂಬುಲೆನ್ಸ್‌ಗೆ ಯಾಕೆ ಕಾಯಬೇಕೆಂದು ಅವ್ವನನ್ನು ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ತೊಡೆಯ ಮೇಲೆ ಮಲಗಿಸಿ ಹೊರಟೆ.

ಆ ಗಾಡಿಯ ವಿಷಯ ಹೇಳಲೇಬೇಕು. ಹದಿನೈದು ದಿನಗಳಿಂದ ಅದರಲ್ಲಿ ಸ್ಟೇರಿಂಗ್ ಮುಂದಿನ ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಗಾಡಿ ನಿಂತಾಗೆಲ್ಲ ಮಿಣುಕುತ್ತಿತ್ತು, ಓಡಿದರೆ ಆರುತ್ತಿತ್ತು. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಎಣ್ಣೆ ಮೇಲಿನ ಗೆರೆಯವರೆಗೂ ಇತ್ತು. ಹಾಗಾದರೆ ದೀಪವೇ ಕೆಟ್ಟಿದೆ ಎಂದು ದೊಡ್ಡ ಪಂಡಿತನ ಹಾಗೆ ತೀರ್ಮಾನಿಸಿದೆ. "ಅದ್ಯಾಕಣ್ಣ ಕೆಂಪಗೆ ಉರೀತೈತೆ?" ಎಂದು ಪ್ಯಾಸೆಂಜರುಗಳು ತಲೆ ತಿಂದಾಗ ಮಾರಮ್ಮನ ಸ್ಟಿಕ್ಕರು ತಂದು ಸರಿಯಾಗಿ ಅದರ ಮೇಲೆ ಅಂಟಿಸಿದೆ. ಹತ್ತಿದವರೆಲ್ಲ ಕೈಮುಗಿಯತೊಡಗಿದರು. ನನ್ನ ಭಕ್ತಿಯ ಬಗ್ಗೆ ನನಗೇ ಹೆಮ್ಮೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಳಕು ಇನ್ನೂ ಮೂರು ಕಿಲೋಮೀಟರ್ ಇರುವಾಗ ಎಂಜಿನ್ ಕಟಕಟ ಎಂದು ಸದ್ದು ಮಾಡಿ ಬಿಗಿದುಕೊಂಡು ನಿಂತುಬಿಟ್ಟಿತು. ಸ್ಟಿಕ್ಕರಿನ ಅಂಚಿನಿಂದ ಕೆಂಪು ಬೆಳಕು ಇಣುಕುತ್ತಿತ್ತು. ಆಂಬುಲೆನ್ಸ್‌ನವರು ಫೋನಿನಲ್ಲಿ ಮುಕ್ಕಾಲು ಗಂಟೆ ಬೇಕು ಎಂದರು. ಕೈ ಅಡ್ಡ ಹಾಕಿದರೂ ಒಂದು ಕಾರೂ ನಿಲ್ಲಲಿಲ್ಲ. "ತಾಯೀ, ತಪ್ಪು ನಂದು. ಅವ್ವನ್ನ ಉಳಿಸು, ನಿನ್ನ ಗುಡಿಗೆ ಕರ್ಕೊಂಡು ಬರ್ತೀನಿ" ಎಂದು ರಸ್ತೆ ಪಕ್ಕದಲ್ಲೇ ಮಂಡಿಯೂರಿ ಅತ್ತೆ.

ಆಗ ಕೆಂಪು ಬಸ್ಸೊಂದು ಬಂದು ತಾನಾಗಿ ನಿಂತಿತು. ಅದು ಒಂದು ಗಂಟೆ ಮೊದಲೇ ದಾಟಿಹೋಗಬೇಕಿದ್ದ ಬಸ್ಸು, ರಾಂಪುರದಲ್ಲಿ ಪಂಕ್ಚರ್ ಆಗಿ ತಡವಾಗಿತ್ತು. ವಯಸ್ಸಾದ ಡ್ರೈವರು ಇಳಿದು ಬಂದು, "ಲೇ, ಅಳೋದು ಬಿಡು, ಕಾಲು ಕಡೆ ಹಿಡ್ಕೊ" ಎಂದು ತಾವೇ ಅವ್ವನ ಭುಜ ಎತ್ತಿದರು. "ನಡುವೆ ಯಾರ್ನೂ ಇಳಿಸಲ್ರೀ, ಸೀದಾ ಆಸ್ಪತ್ರೆಗೆ" ಎಂದು ಒಳಗಿನವರಿಗೆ ಕೂಗಿದರು. ತಳಕಿನಲ್ಲಿ ಇಳಿಯಬೇಕಾದವರೂ ಎದ್ದು ಅವ್ವನಿಗೆ ಸೀಟು ಬಿಟ್ಟರು.

ಅವ್ವ ಉಳಿದಳು. ಮಾತೂ ಬಂತು. ಬಲಗೈ ಮಾತ್ರ ಬರಲಿಲ್ಲ. "ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಕೈ ಅದು.

ಎಂಜಿನ್ ಬಿಚ್ಚಿದ ಚಳ್ಳಕೆರೆಯ ಮೇಸ್ತ್ರಿ ಸಾಬರು ಎಣ್ಣೆ ಹೀರುವ ಜಾಲರಿ ತೋರಿಸಿದರು. ಕಪ್ಪು ಗಸಿ ಕಟ್ಟಿತ್ತು. "ಎಣ್ಣೆ ತಳದಾಗೆ ಐತೆ, ಮೇಲಕ್ಕೆ ಏರಿಲ್ಲ. ಎಣ್ಣೆ ಎಷ್ಟೈತೆ ಅಂತ ಕಡ್ಡಿ ಹೇಳ್ತೈತೆ. ಒತ್ತಡ ಇಲ್ಲ ಅಂತ ಹೇಳೋದು ದೀಪ. ಒಂದ್ಸಲ ಬಂದಿದ್ರೆ ಒತ್ತಡ ಅಳೆಯೋ ಗೇಜ್ ಹಾಕಿ ನೋಡ್ತಿದ್ದೆನಲ್ಲಪ್ಪ" ಎಂದರು. ತಾಯಿ ದೀಪ ಹಚ್ಚಿ ಎಚ್ಚರಿಸಿದ್ದಳು. ನಾನು ಅವಳ ಮುಖದಿಂದಲೇ ಅದನ್ನು ಮುಚ್ಚಿದ್ದೆ.

ನನ್ನಂಥವನ ಕೂಗಿಗೂ ಅವಳು ಓಗೊಟ್ಟಳು. ನನ್ನ ನಂಬಿಕೆ ಗಟ್ಟಿಯಾಗಿದೆ, ಸಂಕಟ ಮಾತ್ರ ಹೋಗಿಲ್ಲ. ಹರಕೆ ತೀರಿಸಲು ಅವ್ವನನ್ನು ಗುಡಿಗೆ ಕರೆದೊಯ್ದಾಗ ದೀಪ ಮುಚ್ಚಿದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ಅವ್ವ ಎಡಗೈ ಎತ್ತಿ, "ಒಂದೇ ಕೈಲಿ ಹೆಂಗಪ್ಪ ಮುಗೀಲಿ? ನಿಂದೊಂದು ಕೊಡು" ಎಂದಳು. ಅವಳ ಎಡಗೈಗೆ ನನ್ನ ಬಲಗೈ ಜೋಡಿಸಿದೆ. ಇಬ್ಬರೂ ಸೇರಿ ಒಂದು ನಮಸ್ಕಾರ ಮಾಡಿದೆವು.