ಗೋಡೆಯಪ್ಪ

ಗಿರಾಕಿ ಪಾಸ್‌ವರ್ಡ್ ಒತ್ತಲು ಬೆರಳೆತ್ತಿದರೆ ಸಾಕು, ಕಂಪ್ಯೂಟರ್ ರಿಪೇರಿಯವರು ಥಟ್ಟನೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಕೀಗಳ ಟಕಟಕ ಕೂಡ ಕಿವಿಗೆ ಬೀಳಬಾರದೆಂದು ಅಪಸ್ವರದಲ್ಲಿ ಗುನುಗುತ್ತಾರೆ. ಬೀದಿಯವರಿಗೆ ಅವರು ಗೋಡೆಯಪ್ಪ. ಅಳಿಸಿಹೋದ ಫೋಟೋ ಮರಳಿ ತಂದರೂ ಅದರ ಒಂದು ಮೂಲೆಯನ್ನಷ್ಟೇ ನೋಡಿ, "ಬಂತು, ಮಿಕ್ಕಿದ್ದು ನೀವೇ ನೋಡ್ಕೊಳ್ಳಿ" ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಬೀರು ತೆಗೆದರೂ ಕತ್ತು ತಾನಾಗಿ ತಿರುಗುತ್ತದಂತೆ. "ಕಳ್ಳ ಬಂದು ತೆಗೆದ್ರೂ ನೀವು ಗೋಡೆ ನೋಡ್ತೀರ ಬಿಡಿ" ಎಂದು ಆಕೆಯ ಗೊಣಗಾಟ. ಅಂಗಡಿಯ ಎದುರುಮನೆ ಅಜ್ಜಿಗೆ ಕಣ್ಣು ಮಂಜು, ಹಾಗಾಗಿ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಲೇಬೇಕು. ಅದು, ತೀರಿಹೋದ ಯಜಮಾನರು ಅವರನ್ನು ಮುದ್ದಿನಿಂದ ಕರೆಯುತ್ತಿದ್ದ ಹೆಸರು. ಮೊದಲ ಸಲ ನಾಚಿಕೊಂಡೇ ಪಿಸುಗುಟ್ಟಿದರು. ಗೋಡೆಯಪ್ಪ ಒತ್ತಿ ಮುಗಿಸಿದವರೇ, "ಆಗ್ಲೇ ಮರ್ತೆ ನೋಡಿ" ಅಂದರು. ಯಾರ ಮೆಷಿನ್ನಿಗೆ ಯಾವ ಸ್ಕ್ರೂ ಹಾಕಿದೆ ಎಂಬುದನ್ನೂ ಮರೆಯದ ಮನುಷ್ಯ ಇದೊಂದನ್ನು ಪ್ರತಿಸಲವೂ ಮರೆಯುತ್ತಾರೆ: "ಏನಮ್ಮಾ ಅದು? ತಲೇಲಿ ನಿಲ್ಲೋದೇ ಇಲ್ಲ." ಅಜ್ಜಿಗೆ ಎಲ್ಲ ಗೊತ್ತು. ಈಚೆಗಂತೂ ಕೆಡದ ಕಂಪ್ಯೂಟರನ್ನೂ ಎತ್ತಿಕೊಂಡು ಬರುತ್ತಾರೆ, ಆ ಹೆಸರನ್ನು ಬಾಯ್ತುಂಬ ಹೇಳುತ್ತಾರೆ. ಅವರು ಕಣ್ಣೊರೆಸಿಕೊಳ್ಳುವಷ್ಟು ಹೊತ್ತೂ ಗೋಡೆಯಪ್ಪ ಗೋಡೆಗೆ ಮುಖ ಮಾಡಿ ಗುನುಗುತ್ತಾ ನಿಂತಿರುತ್ತಾರೆ.